ಕೆಂಪು ಮುಚ್ಚಳ

ಅಂಗಳದಲ್ಲಿ ಟಕ್ ಎಂದಿತು.

ಉಗುರಿಗೆ ಉಗುರು ತಾಗಿದಷ್ಟು ಸಣ್ಣ ಸಪ್ಪಳ. ಬೇರೆ ಯಾವ ರಾತ್ರಿಯಾದರೂ ರಂಜನಾ ಅದನ್ನು ತಗಡಿನ ಮೇಲೆ ಬಿದ್ದ ಬೇವಿನ ಕಾಯಿ ಎಂದುಕೊಂಡು ಮಗ್ಗಲು ಬದಲಿಸುತ್ತಿದ್ದಳು. ಈಗ ಎದ್ದು ಕುಳಿತಳು. ಮುಂಜಾನೆ ಎಂಟು ಗಂಟೆಗೆ ಇದೇ ಅಂಗಳದಲ್ಲಿ, ಟ್ರ್ಯಾಕ್ಟರಿನ ಬೆನ್ನ ಹಿಂದೆ, ಇಂಥದೇ ಒಂದು ಸಪ್ಪಳ ಆಗಬೇಕಿತ್ತು. ಆಗಿರಲಿಲ್ಲ. ಆಗಲಿಲ್ಲ ಎನ್ನುವುದು ಅವಳೊಬ್ಬಳ ಕಿವಿಗೆ ಮಾತ್ರ ಗೊತ್ತಿತ್ತು. ಹದಿನೇಳು ತಾಸು ತಡಮಾಡಿ ಅದು ಈಗ ಬಂದಂತಿತ್ತು. ಅಮಾವಾಸ್ಯೆಯ ಕತ್ತಲೆ. ಕಿಟಕಿಯಲ್ಲಿ ಟ್ರ್ಯಾಕ್ಟರಿನ ಆಕಾರ ಕೂಡ ಕಾಣುತ್ತಿರಲಿಲ್ಲ, ಅದರಿಂದ ಬರುವ ಡೀಸೆಲ್ಲಿನ ವಾಸನೆ ಮಾತ್ರ ಇತ್ತು. ಯಾರು ಎಂದು ಕೇಳಬೇಕೆಂದುಕೊಂಡಳು. ಕೇಳದೆ ಕಿಟಕಿಯತ್ತ ಕಿವಿಗೊಟ್ಟಳು. ಪಕ್ಕದಲ್ಲಿ ಮಗಳು ಶೀತಲ್ ನಿದ್ದೆಯಲ್ಲಿ ಬಾಯಿ ಚಪ್ಪರಿಸಿದಳು. ಅಷ್ಟೇ. ಮತ್ತೆ ಏನೂ ಕೇಳಿಸಲಿಲ್ಲ.

ಗಂಡ ದುಂಡೇಶ ಮಿರಜದ ದವಾಖಾನೆಯಲ್ಲಿದ್ದ. ಅಲ್ಲಿ ಸಿದರಾಯ ಕಾಕಾ, ತೀರಿಕೊಂಡ ಮಾವನ ತಮ್ಮ, ಮಲಗಿದ್ದ. ಮೈದುನ ಮಾಳಿಂಗರಾಯ ಕಟ್ಟೆಯ ಮೇಲೆ ಉಣ್ಣದೆ ಬಿದ್ದುಕೊಂಡಿದ್ದ. ಅತ್ತೆ ಹಣಮವ್ವ ಪಡಸಾಲೆಯಲ್ಲಿ. ಮನೆಯಲ್ಲಿದ್ದವರು ಇಷ್ಟೇ. ಇಷ್ಟರಲ್ಲಿ ಒಬ್ಬರು ಕತ್ತಲಲ್ಲಿ ಟ್ರ್ಯಾಕ್ಟರಿನ ಹತ್ತಿರ ಹೋಗಿದ್ದಾರೆ. ಮಾಳಿಂಗರಾಯನೇ ಇರಬೇಕು, ಬ್ರೇಕಿನ ಪೈಪನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದಾನೆ, ಪಾಪ, ತಾನು ಹಾಕಿದ್ದು ಖರೆಯೋ ಸುಳ್ಳೋ ಎಂದು ತನಗೆ ತಾನೇ ಕೇಳಿಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ ಕೂಡಲೇ ಬಲಗೈಯ ತೋರುಬೆರಳನ್ನು ಸೀರೆಯ ನೆರಿಗೆಯಲ್ಲಿ ಒತ್ತಿ ಒತ್ತಿ ಒರೆಸಿದಳು. ಸಂಜೆಯಿಂದ ಅದನ್ನು ಎಷ್ಟು ಸಲ ಒರೆಸಿದ್ದಳೋ.

ಮಧ್ಯಾಹ್ನ ಮೂರರ ಸುಮಾರಿಗೆ ಯಾರೋ ಬಂದು ಬಾಗಿಲ ಮೆಟ್ಟಿಲ ಮೇಲೆ ಕಾಕಾನ ಒಂದು ಕೆರವನ್ನು ಇಟ್ಟುಹೋಗಿದ್ದರು. ಒಂದೇ ಒಂದು. ದಪ್ಪ ಅಟ್ಟೆಯ, ಎಣ್ಣೆ ಕುಡಿದು ಕಪ್ಪಾದ, ಹರೆಯದಲ್ಲಿ ಕುರಿ ಹಿಂಡಿನ ಹಿಂದೆ ಸೊಲ್ಲಾಪುರದ ತನಕ ನಡೆದವನ ಕೆರ. ಅದನ್ನು ಕಂಡು ಅವಳು ಮೊದಲು ಯೋಚಿಸಿದ್ದು ಇನ್ನೊಂದು ಎಲ್ಲಿ ಎಂದು. ಜನ ಹೇಳುತ್ತಿದ್ದುದು ಆಮೇಲೆ ತುಂಡು ತುಂಡಾಗಿ ಕಿವಿಗೆ ಬಿತ್ತು. ಹಿಪ್ಪರಗಿ ಬ್ಯಾರೇಜಿಗೆ ಇಳಿಯುವ ಇಳಿಜಾರಿನಲ್ಲಿ ಮಾಳಿಂಗರಾಯ ಬ್ರೇಕು ತುಳಿದ. ಟ್ರ್ಯಾಕ್ಟರು ನಿಂತಿತು, ಹಿಂದಿನ ಕಬ್ಬಿನ ಡಬ್ಬಿ, ಅಂದರೆ ಟ್ರೇಲರು, ನಿಲ್ಲಲಿಲ್ಲ. ಹೊಸ ಡಬ್ಬಿ, ತನ್ನದೇ ಬ್ರೇಕು ಇರುವ ಡಬ್ಬಿ, ಟ್ರ್ಯಾಕ್ಟರಿನ ಬೆನ್ನಿಗೆ ಬಂದು ಒತ್ತಿತು, ಅಡ್ಡ ತಿರುಗಿಸಿತು, ಕೆಳಕ್ಕೆ ನೂಕತೊಡಗಿತು. ಮಡ್‌ಗಾರ್ಡಿನ ಮೇಲೆ ಕುಳಿತಿದ್ದ ಕಾಕಾ, ಗಾಲಿಗೆ ಅಡ್ಡ ಕೊಡಲೆಂದು ಸದಾ ಜೊತೆಗೆ ಒಯ್ಯುವ ತನ್ನ ಕಲ್ಲು ಹಿಡಿದು ಜಿಗಿದ. ಗಾಲಿಗೆ ಕಲ್ಲು ಕೊಟ್ಟ. ಗಾಲಿ ಕಲ್ಲನ್ನು ಹತ್ತಿ, ಕಾಲನ್ನೂ ಹತ್ತಿ ನಿಂತಿತು. ಆ ಕಲ್ಲಿಲ್ಲದಿದ್ದರೆ ಎಲ್ಲರೂ ಹೊಳೆಯಲ್ಲಿರುತ್ತಿದ್ದರು ಎಂದು ಹೇಳುವವರು ಹೇಳಿದರು. ಬೈಕಿನ ಮೇಲೆ ಹಿಂದೆಯೇ ಬರುತ್ತಿದ್ದ ದುಂಡೇಶ ನೋಡಿದ್ದು ಡಬ್ಬಿಯ ಬ್ರೇಕಿನ ಪೈಪು ಟ್ರ್ಯಾಕ್ಟರಿನಿಂದ ಕಳಚಿ ಮಣ್ಣಿನಲ್ಲಿ ಎಳೆದಾಡುತ್ತಿದ್ದುದನ್ನು. ನೋಡಿದವನೇ ತಮ್ಮನ ಕೆನ್ನೆಗೆ ಹೊಡೆದ. ಎಲ್ಲರ ಎದುರಿಗೆ.

'ಪೈಪ ಹಾಕಿಲ್ಲ ನೀ. ಹಾಡ ಹಚ್ಚಾಕ ಪುರುಸೊತ್ತೈತಿ, ಪೈಪ ಹಾಕಾಕಿಲ್ಲ.'

'ಹಾಕೇನೋ ಅಣ್ಣಾ. ಬೀರಪ್ಪನಾಣಿ ಹಾಕೇನಿ.'

'ನಾಳಿ ಮುಧೋಳದಿಂದ ಗಿರಿಮಲ್ಲಪ್ಪ ಮಿಸ್ತ್ರಿ ಬರತಾನ. ಪೈಪಿನಾಗ ದೋಷ ಇದ್ರ ನಿನ್ನ ಪುಣ್ಯಾ. ಇಲ್ಲಂದ್ರ ನೀ ಇನ್ನ ಸ್ಟೇರಿಂಗ್ ಮುಟ್ಟೂದಲ್ಲ, ಈ ಮನಿ ಹೊಸ್ತಲಾನೂ ತುಳಿಯೂದಲ್ಲ. ರಬಕವಿಗೆ ಹೋಗಿ ಮಗ್ಗದಾಗ ಕೂಲಿ ಮಾಡ್ಕೊಂಡ ತಿನ್ನು.'

ಇದನ್ನು ಅವಳು ಕಂಡಿರಲಿಲ್ಲ, ಕೇಳಿದ್ದಳು. ಕೇಳಿದ್ದೇ ಕಂಡದ್ದಕ್ಕಿಂತ ಸ್ಪಷ್ಟವಾಗಿ ಈಗ ಕತ್ತಲಲ್ಲಿ ನಿಂತಿತ್ತು. ಮೈ ತಣ್ಣಗಾಗಿತ್ತು, ಅಳು ಬಂದಿರಲಿಲ್ಲ. ಸಂಜೆ ಶೀತಲ್‌ಗೆ ಅನ್ನ ಕಲಸಿದ್ದಳು, ಲಾಟೀನಿನ ಗಾಜು ಒರೆಸಿದ್ದಳು, ಊರವರು ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಡಬ್ಬಿಯ ಸಮೇತ ಎಳೆದು ತಂದು ನಿಲ್ಲಿಸಿದ ತಮ್ಮ ಟ್ರ್ಯಾಕ್ಟರನ್ನು ದಾಟಿ ನೀರು ತಂದಿದ್ದಳು, ದಾಟುವಾಗ ಅದರ ಹಿಂಬದಿಯನ್ನು ಮಾತ್ರ ನೋಡಿರಲಿಲ್ಲ. ನಾಳೆ ಮಿಸ್ತ್ರಿ ಬಂದು ಪೈಪು ಕೂಡುವ ಆ ಬಾಯಿಯನ್ನು ನೋಡುತ್ತಾನೆ. ಒಳಗೆ ಏನಿದೆ ಎಂದು ಅವನಿಗೆ ಕಾಣುತ್ತದೆ. ಕಾಣಲಿ ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ಕಂಡರೆ ತಾನು ಬಾಯಿ ತೆರೆಯಬೇಕಾಗಿಯೇ ಇಲ್ಲ.

ಮೊನ್ನೆ ಸಂಜೆ ಡಬ್ಬಿ ಬಂದಾಗ ಅದರ ಜೊತೆ ಒಂದು ಪುಸ್ತಕ ಬಂದಿತ್ತು, ಇಂಗ್ಲಿಷಿನದು. ಅದನ್ನು ಓದಿ ಹೇಳುವವಳು ಅವಳೇ. ಜಮಖಂಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ ಸೊಸೆ ಈ ಮನೆಗೆ ಅವಳೊಬ್ಬಳೇ, ಮತ್ತು ಆ ಮಾತನ್ನು ಮನೆಯವರು ಎಂದೂ ಮರೆಯುತ್ತಿರಲಿಲ್ಲ, ಅವಳು ಮರೆಯಲೂ ಬಿಡುತ್ತಿರಲಿಲ್ಲ. ಕಟ್ಟೆಯ ತುದಿಗೆ ಕುಳಿತು, ಒಂದೊಂದೇ ಶಬ್ದ ತೂಗಿ ಕನ್ನಡ ಮಾಡಿ ಹೇಳಿದ್ದಳು. ಎರಡು ಪೈಪು. ಒಂದು ಡಬ್ಬಿಯನ್ನು ಎತ್ತುವುದಕ್ಕೆ, ಒಂದು ಬ್ರೇಕಿಗೆ. ಬ್ರೇಕಿನದಕ್ಕೆ ಟ್ರ್ಯಾಕ್ಟರಿನ ಹಿಂದೆ ಹೊಸ ಬಾಯಿ ಕೂಡಿಸಿದ್ದಾರೆ, ಕೆಂಪು ಮುಚ್ಚಳದ್ದು. ಎಂಜಿನ್ ಬಂದ್ ಮಾಡಿ ಪೈಪು ಹಾಕಬೇಕು. ಬಾಯಿ ಚೊಕ್ಕ ಇರಬೇಕು, ಧೂಳು ಹೋಗಬಾರದು. ಒತ್ತಿದಾಗ ಟಕ್ ಎನ್ನಬೇಕು. ಟಕ್ ಅಂದ ಮೇಲೂ ಒಮ್ಮೆ ಹಿಂದಕ್ಕೆ ಜಗ್ಗಿ ನೋಡಬೇಕು. ಆಮೇಲೆ ಒಬ್ಬರು ಬ್ರೇಕು ತುಳಿದು, ಇನ್ನೊಬ್ಬರು ಡಬ್ಬಿಯ ಗಾಲಿ ಹಿಡಿಯಿತೋ ಇಲ್ಲವೋ ನೋಡಬೇಕು.

'ವೈನಿ, ಇಷ್ಟ ಕಾಯ್ದೆ ಲಗ್ನದಾಗೂ ಇರೂದಿಲ್ಲಲ್ರಿ' ಎಂದ ಮಾಳಿಂಗರಾಯ.

'ನಿಂದೊಂದ ಆಗಲಿ ತಡೀಲೇ, ಗೊತ್ತಾಕ್ಕತಿ' ಎಂದ ದುಂಡೇಶ.

ಕಾಕಾ ಮಾತ್ರ ಮುಂದಕ್ಕೆ ಬಾಗಿ ಕೇಳಿದ್ದ. 'ಗಾಲಿಗೆ ಕಲ್ಲ ಕೊಡೂದು ಬರದಾರೇನಬೇ ಅದರಾಗ?'

'ಬರದಾರ ಕಾಕಾ. ಇಳಿಜಾರಿನಾಗ ನಿಂತ್ರ ಗಾಲಿಗೆ ಅಡ್ಡಾ ಕೊಡಬೇಕಂತ.'

'ನೋಡ್ರಿಲೇ! ಹೊಸಾ ಬ್ರೇಕ ಬಂತು, ಮುದುಕ್ಯಾನ ಕಲ್ಲ ಒಗೀರಿ ಅನ್ನಾಕತ್ತಿದ್ರಿ. ನಾ ಸಾಲಿ ಮೆಟ್ಟಲಾ ಹತ್ತಲಿಲ್ಲ, ನನ್ನ ಕಲ್ಲ ಹೋಗಿ ಇಂಗ್ಲೀಷ ಪುಸ್ತಕದಾಗ ಕುಂತೈತಿ!'

ಎಲ್ಲರೂ ನಕ್ಕಿದ್ದರು. ಅವಳಿಗೆ ಆ ಸಂಜೆ ಬಹಳ ಸುಖವಾಗಿತ್ತು. ತನ್ನ ಓದು ಈ ಮನೆಯಲ್ಲಿ ಮೊದಲ ಸಲ ಯಾರದೋ ಉಪಯೋಗಕ್ಕೆ ಬಂದಂತೆ. ಪ್ರಯೋಗಾಲಯದ ಉದ್ದನೆಯ ಮೇಜಿನ ಮುಂದೆ ಬಿಳಿ ಕೋಟು ಹಾಕಿಕೊಂಡು ನಿಂತಾಗ ಇಂಥದೇ ಸುಖ ಇರುತ್ತಿತ್ತು. ಅಲ್ಲಿ ಒಂದು ದಿನ ಅವಳ ಮೊಣಕೈ ತಾಗಿ ಗಾಜಿನ ಬ್ಯೂರೆಟ್ಟು ಬಿದ್ದು ಒಡೆದಿತ್ತು. ಸರ್ ತಿರುಗಿ ನೋಡಿದಾಗ ಅದರ ಹತ್ತಿರ ಇದ್ದವಳು ಮಧುಮತಿ. ಮಧುಮತಿಯನ್ನು ಹೊರಗೆ ಬಿಸಿಲಲ್ಲಿ ನಿಲ್ಲಿಸಿದರು. ರಂಜನಾ ಕುಳಿತು ರೀಡಿಂಗು ಬರೆದುಕೊಂಡಳು. ಆ ದಿನದ ಅಕ್ಷರಗಳು ಎಷ್ಟು ದುಂಡಗೆ ಬಂದಿದ್ದವೆಂದರೆ ಸರ್ ಪುಟದ ಕೆಳಗೆ ಛಲೋ ಎಂದು ಬರೆದಿದ್ದರು.

ಡಬ್ಬಿ ಬಂದ ಮರುದಿನ ಮುಂಜಾನೆ ಪೂಜೆ. ಅಂಗಳದಲ್ಲಿ ಓಣಿಯ ಹೆಂಗಸರು ನಾಲ್ಕಾರು ಜನ. ಗಾಲಿಗಳಿಗೆ ವಿಭೂತಿ ಆಯಿತು, ಲಿಂಬೆಹಣ್ಣು ಆಯಿತು, ಕಾಯಿ ಒಡೆದಾಯಿತು. ಹಣಮವ್ವ ಬೀರದೇವರ ಭಂಡಾರದ ಚೀಲ ಬಿಚ್ಚಿ, ಆ ಅರಿಸಿನ ಪುಡಿಯನ್ನು ಅವಳ ಅಂಗೈಗೆ ಸುರಿದು, ಟ್ರ್ಯಾಕ್ಟರಿನ ಹಿಂದೆ ಬೆರಳು ಮಾಡಿದಳು.

'ಹೊಸಾ ಬಾಯಿ ಅದಽ ಅಲಾ? ಹಚ್ಚು.'

ಅವಳು ಕೆಂಪು ಮುಚ್ಚಳದ ಮೇಲೆ ಒಂದು ಬೊಟ್ಟು ಇಟ್ಟಳು.

'ಪ್ಲಾಸ್ಟಿಕ್ಕಿಗೆ ಯಾರರ ಪೂಜಿ ಮಾಡ್ತಾರೇನ? ಟೊಪಗಿ ತಗದ ಬಾಯಾಗ ಹಚ್ಚು. ಕೂಸಿಗೆ ಮೊದಲ್ನೆ ತುತ್ತ ಕೊಟ್ಟಂಗ.'

'ಅತ್ತ್ಯಾರ, ಅದರಾಗ ಧೂಳ ಹೋಗಬಾರದಂತರಿ.'

ಹಣಮವ್ವ ದನಿ ಏರಿಸಲಿಲ್ಲ. 'ಧೂಳ? ಭಂಡಾರ ನಿನಗ ಧೂಳ ಕಂಡೀತೇನಬೇ? ಕಲತಾಕಿ ಅದಿ, ಒಪ್ಪೇನಿ. ನಾಕ ಮಂದಿ ಮುಂದ ಹಂಗ ಅನಬ್ಯಾಡ.' ಪಕ್ಕದ ಮನೆಯ ಹಾಲವ್ವ ಸೆರಗಿನಲ್ಲಿ ಮುಸಿಮುಸಿ ನಕ್ಕಳು. ರಂಜನಾಳ ಕಿವಿ ಬಿಸಿಯಾದವು. ಮುಚ್ಚಳ ತೆಗೆದಳು. ಕಾಯಿಯ ನೀರಿನಲ್ಲಿ ಬೆರಳು ಅದ್ದಿ, ಭಂಡಾರದಲ್ಲಿ ಹೊರಳಿಸಿ ಬಾಯಿಯ ಸುತ್ತ ಹಚ್ಚಿದಳು, ಒಳಗೂ ಹಚ್ಚಿದಳು, ಅತ್ತೆ ಸಾಕು ಅನ್ನುವ ತನಕ. ಒಳಗೆ ಬೆರಳ ತುದಿಗೆ, ಪೈಪನ್ನು ಕಚ್ಚಿ ಹಿಡಿಯುವ ಒಂದು ಉಕ್ಕಿನ ಗುಂಡು ತಣ್ಣಗೆ ತಾಗಿತು. ಆ ತಣ್ಣನೆಯ ಸ್ಪರ್ಶ ಈಗಲೂ ಬೆರಳಿಗಿತ್ತು. ಎಲ್ಲರೂ ಹೋದ ಮೇಲೆ ಅರಿವೆ ತಂದು ಒರೆಸಿಬಿಡಬೇಕು ಎಂದುಕೊಂಡಿದ್ದಳು. ಅಷ್ಟರಲ್ಲಿ ಶೀತಲ್ ಅತ್ತಳು, ಹಾಲು ಉಕ್ಕಿತು, ತಿರುಗಿ ಬಾಗಿಲಿಗೆ ಬರುವುದರಲ್ಲಿ ಮಾಳಿಂಗರಾಯ ಟೇಪು ಜೋರು ಮಾಡಿ ಪೈಪು ಹಿಡಿದಿದ್ದ. ಎತ್ತುವ ಪೈಪು ಹಳೆಯ ಬಾಯಿಗೆ ಹೋಯಿತು. ಟಕ್. ಹಾಡಿನ ನಡುವೆಯೂ ಅವಳಿಗೆ ಕೇಳಿಸಿತು. ಬ್ರೇಕಿನದು ಹೋಯಿತು. ಅವಳು ಕಾದಳು. ಟಕ್ ಎನ್ನಲಿಲ್ಲ. ಅವನು ಅಂಗೈಯಿಂದ ಇನ್ನೊಮ್ಮೆ ಗುದ್ದಿ, ಕೈಗೆ ಹತ್ತಿದ ಭಂಡಾರವನ್ನು ಭಕ್ತಿಯಿಂದ ಹಣೆಗೆ ಒರೆಸಿಕೊಂಡ. ಜಗ್ಗಿ ನೋಡಲಿಲ್ಲ. ಎಂಜಿನ್ ಹಚ್ಚಿದ, ಡಬ್ಬಿ ಮುಂಗಾಲೆತ್ತಿದ ಎತ್ತಿನ ಹಾಗೆ ಮೇಲೆದ್ದಿತು, ಹೆಂಗಸರು ಹೋ ಎಂದರು. ಇದು ಎತ್ತುವ ಪೈಪು, ಇನ್ನೊಂದನ್ನು ನೋಡು ಎಂದು ಅನ್ನಬೇಕು. ಬಾಯಿ ತೆರೆದಿದ್ದಳು ಕೂಡ.

'ಏನ್ರಿ ವೈನಿ, ಪಾಸೋ ನಪಾಸೋ?' ಎಂದು ಅವನು ಕೂಗಿದ.

ಮತ್ತೆ ಎಲ್ಲರೂ ಅವಳತ್ತ ತಿರುಗಿದರು. ಮತ್ತೆ ಹಾಲವ್ವನ ಸೆರಗು ಬಾಯಿಗೆ ಹೋಯಿತು.

'ಪಾಸ್' ಎಂದಳು ರಂಜನಾ, ನಕ್ಕು.

ಆ ರಾತ್ರಿ ಕಳೆದು ಬೆಳಕು ಹರಿಯುತ್ತಿದ್ದಂತೆ ಎದ್ದು ಅಂಗಳಕ್ಕೆ ಬಂದಳು. ಮಾಳಿಂಗರಾಯ ಕಟ್ಟೆಯ ಮೇಲೆ ಅಂಗಾತ ಮಲಗಿದ್ದ, ಕೆನ್ನೆಯ ಮೇಲೆ ಅಣ್ಣನ ಬೆರಳು ಮೂಡಿದ್ದವು. ಟ್ರ್ಯಾಕ್ಟರಿನ ಹಿಂದೆ ಹೋದಳು. ಕೆಂಪು ಮುಚ್ಚಳ ಅದರ ಜಾಗದಲ್ಲಿ ಕುಳಿತಿತ್ತು. ನಿನ್ನೆ ಮುಂಜಾನೆ ತಾನು ತೆಗೆದು ಟೂಲು ಪೆಟ್ಟಿಗೆಯಲ್ಲಿ ಇಟ್ಟ ಮುಚ್ಚಳ. ರಾತ್ರಿಯ ಸಪ್ಪಳ ಇದರದು. ಬಾಗಿ ಅದನ್ನು ಕಿತ್ತಳು. ಬಾಯಿ ಹೊಳೆಯುತ್ತಿತ್ತು. ಒಳಗೆ ಬೆರಳು ಹಾಕಿದಳು. ಡೀಸೆಲ್ಲಿನ ಜಿಡ್ಡು, ಉಕ್ಕಿನ ಗುಂಡು, ಬೇರೆ ಏನೂ ಇಲ್ಲ. ಸುತ್ತಲ ಸಂದುಗಳನ್ನೂ ಯಾರೋ ಕಡ್ಡಿಯಿಂದ ಕೆದರಿ ತೆಗೆದಿದ್ದರು. ಮಣ್ಣು ಹತ್ತಿದ ಪೈಪಿನ ತುದಿಯನ್ನೂ ತೊಳೆದಿದ್ದರು. ಮಾಳಿಂಗರಾಯ ತನ್ನನ್ನು ಉಳಿಸುವ ಒಂದೇ ಸಾಕ್ಷಿಯನ್ನು ತಾನೇ ಒರೆಸಿ ಹಾಕುತ್ತಾನೆಯೇ? ಅವಳು ನೆಟ್ಟಗೆ ನಿಂತಳು. ಆಗ ಕಂಡಿತು. ಬೇವಿನ ಗಿಡದಿಂದ ಕಂಬಕ್ಕೆ ಕಟ್ಟಿದ ಹಗ್ಗದ ಮೇಲೆ ಅತ್ತೆಯ ಹಸಿರು ಇಳಕಲ್ ಸೀರೆ, ನೀರು ತೊಟ್ಟಿಕ್ಕುತ್ತ. ಹಣಮವ್ವ ಹೊತ್ತು ಮೂಡುವ ಮೊದಲು ಎಂದೂ ಒಗೆದವಳಲ್ಲ. ಸೆರಗಿನ ತುದಿಯನ್ನು ಮೂಗಿಗೆ ಹಿಡಿದಳು. ಸೋಪಿನ ಕೆಳಗೆ ಡೀಸೆಲ್ಲು. ಸೋಪು ತಾಗಿ ಕೆಂಪಗಾಗಿದ್ದ ಅರಿಸಿನದ ಕಲೆ, ಒಂದು ಬೆರಳಿನಗಲ.

ಅವಳ ಕೈಯಿಂದ ಸೆರಗು ಜಾರಿತು. ತಾಯಿ. ಮಾಳಿಂಗರಾಯನನ್ನು ಹೆತ್ತ ತಾಯಿ.

'ಚಾ ಆರಾಕತ್ತೈತಿ' ಎಂದಿತು ಹಿಂದಿನಿಂದ ದನಿ.

ಒಲೆಯ ಮುಂದೆ ಇಬ್ಬರೂ ಕುಳಿತರು. ಹಣಮವ್ವ ಬಶಿಗೆ ಚಹಾ ಸುರಿದು ಅವಳ ಮುಂದೆ ನೂಕಿದಳು. ಒಂದು ಹನಿ ಚೆಲ್ಲಲಿಲ್ಲ. ಮುದುಕಿಯ ಕಣ್ಣು ಮಾತ್ರ ರಾತ್ರಿಯಿಡೀ ಹೊಗೆಯಲ್ಲಿ ಕುಳಿತವರ ಹಾಗೆ ಊದಿದ್ದವು.

'ನಿನ್ನಿ ಹಾಲವ್ವ ಕೇಳಿದ್ಲು, ಪೂಜಾದಾಗ ಏನರ ಕಮ್ಮಿ ಬಿತ್ತೇನಂತ. ಏನೂ ಕಮ್ಮಿ ಬಿದ್ದಿಲ್ಲ ಅಂದೆ.' ಒಂದು ಗುಟುಕು ಕುಡಿದು ತಡೆದಳು. 'ಹುಡುಗನ ಮ್ಯಾಲ ಬಂದ್ರ ಎರಡ ವರ್ಷಕ್ಕ ಮಂದಿ ಮರೀತಾರ. ಹುಡುಗರು ತಪ್ಪ ಮಾಡ್ತಾವು. ಬೀರಪ್ಪನ ಭಂಡಾರದ ಮ್ಯಾಲ ಬಂದ್ರ ನಾ ಈ ವಯಸ್ಸಿನಾಗ ಯಾರ ಮುಂದ ಕೈ ಮುಗೀಲಿ? ನಿನ್ನ ಬೆರಳಿನ ಮ್ಯಾಲ ಬಂದ್ರ ನೀ ಎಲ್ಲಿಗೆ ಹೋಗತಿ, ಕೂಸ ಕಟಗೊಂಡು?'

'ಮಾಳಿಂಗರಾಯ ಎಲ್ಲಿಗೆ ಹೋಗ್ಬೇಕರಿ, ಅತ್ತ್ಯಾರ?' ಎಂದು ಕೇಳಬೇಕೆಂದಿದ್ದಳು. ಶಬ್ದಗಳು ಸಾಲಾಗಿ ನಿಂತಿದ್ದವು, ಒಂದೂ ತಪ್ಪಿರಲಿಲ್ಲ. ಕೇಳಲಿಲ್ಲ. ಚಹಾ ಬಾಯಿಗಿಟ್ಟಳು, ಅದು ಸಿಹಿಯಾಗಿತ್ತು. ಆ ಸಿಹಿ ಗಂಟಲಲ್ಲಿ ಇಳಿಯುವಾಗ ತನ್ನ ಮೈ ಹಗುರಾಗುತ್ತಿದೆ ಎಂದು ಗೊತ್ತಾಗಿ ಅವಳು ಬೆಚ್ಚಿದಳು. ನಿನ್ನೆಯಿಂದ ಕಂಡದ್ದು ಕೇಳಿದ್ದು ಯಾವುದೂ ಅವಳನ್ನು ಹೀಗೆ ಬೆಚ್ಚಿಸಿರಲಿಲ್ಲ. ಕಾಕಾನ ಒಂಟಿ ಕೆರ ಕೂಡ. ಸಾಕ್ಷಿ ಹೋಗಿತ್ತು. ಅವಳಿಗೆ ಹಾಯೆನ್ನಿಸಿತ್ತು.

ಗಿರಿಮಲ್ಲಪ್ಪ ಮಿಸ್ತ್ರಿ ಒಂಬತ್ತಕ್ಕೆ ಬಂದ. ಮಾತು ಕಡಿಮೆಯ ಮನುಷ್ಯ. ಬಾಯಿಯೊಳಗೆ ಬ್ಯಾಟರಿ ಬಿಟ್ಟು ನೋಡಿದ, ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಸವರಿದ, ಒತ್ತಿದ. ಟಕ್. ಎರಡೂ ಕೈಯಿಂದ ಹಿಂದಕ್ಕೆ ಜಗ್ಗಿದ. ಬರಲಿಲ್ಲ. ಮಾಳಿಂಗರಾಯನಿಗೆ ಬ್ರೇಕು ತುಳಿ ಎಂದ. ಡಬ್ಬಿಯ ಗಾಲಿಗೆ ಒದ್ದು ನೋಡಿದ.

'ಹಿಡೀತೈತಿ. ಬಾಯಿ ಕನ್ನಡಿಗತೆ ಐತಿ. ಇದು ಹಾಕಿದ್ರ ಬೀಳೂದಲ್ಲ ತಮ್ಮಾ. ನೀ ಸರಿ ಹಾಕಿಲ್ಲ.'

ಮಾಳಿಂಗರಾಯ ಸೀಟಿನ ಮೇಲೆ ಹಾಗೇ ಕುಳಿತಿದ್ದ, ಬ್ರೇಕು ತುಳಿದುಕೊಂಡೇ, ಕಾಲು ತೆಗೆದರೆ ಮತ್ತೆ ಎಲ್ಲ ಉರುಳೀತು ಎಂಬಂತೆ. ಅದೇ ಹೊತ್ತಿಗೆ ಒಳಗೆ ಫೋನು ರಿಂಗಾಯಿತು. ದುಂಡೇಶ. ಕಾಕಾನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು ಎಂದ. ಎಚ್ಚರ ಬಂದಿದೆ, ಕಲ್ಲು ಎಲ್ಲಿದೆ, ರಸ್ತೆಯಲ್ಲಿ ಬಿಟ್ಟರೆ ಯಾರಾದರೂ ಎಡವಿ ಬಿದ್ದಾರು, ತಂದು ಇಡ್ರಿ ಅನ್ನುತ್ತಿದ್ದಾನೆ ಎಂದ. ಆಮೇಲೆ ಕೇಳಿದ, 'ಮಿಸ್ತ್ರಿ ಏನಂದ?'

'ಪೈಪಿನಾಗ ದೋಷ ಇಲ್ಲಂತರಿ' ಎಂದಳು. ಮಿಸ್ತ್ರಿ ಅಂದದ್ದು ಅದೇ.

ಹೊರಗೆ ಬಂದಾಗ ಮಾಳಿಂಗರಾಯ ಇಳಿದು ಅವಳ ದಾರಿಯನ್ನೇ ಕಾಯುತ್ತಿದ್ದ. ಹಣೆಯ ಮೇಲೆ ನಿನ್ನೆ ಒರೆಸಿಕೊಂಡ ಭಂಡಾರ ಬೆವರಿನ ಗೆರೆಯಲ್ಲಿ ಇನ್ನೂ ಉಳಿದಿತ್ತು. ಅದನ್ನು ನೋಡಬಾರದೆಂದು ಅವಳು ಅವನ ಅಂಗಿಯ ಗುಂಡಿಯನ್ನು ನೋಡಿದಳು.

'ವೈನಿ, ನೀವು ಬಾಗಲದಾಗ ನಿಂತಿದ್ರಿ. ಪಾಸ್ ಅಂದ್ರಿ. ಟಕ್ ಅಂದಿದ್ದು ನಿಮಗ ಕೇಳಿತ್ತಲ್ರಿ? ನೀವೊಬ್ರ ಹೇಳಿದ್ರ ಅಣ್ಣ ನಂಬತಾನ. ನೀವು ಸುಳ್ಳ ಹೇಳಾಂಗಿಲ್ಲಂತ ಅವಗ ಗೊತ್ತೈತಿ.'

ಪಡಸಾಲೆಯ ಕಂಬದ ಹತ್ತಿರ ಹಣಮವ್ವ ಜೋಳ ಹಸನು ಮಾಡುತ್ತಿದ್ದಳು. ಅವಳ ಕೈಯ ಮೊರ ನಿಂತಿತು. ಶೀತಲ್ ಮೆಟ್ಟಿಲ ಮೇಲೆ ಕುಳಿತು ಕಾಕಾನ ಕೆರದೊಳಗೆ ತನ್ನ ಪುಟ್ಟ ಕಾಲು ಇಟ್ಟು ಆಡುತ್ತಿದ್ದಳು. ರಂಜನಾ ಮಾತು ಹುಡುಕಿದಳು, ಸುಳ್ಳಲ್ಲದ ಮಾತನ್ನು. ಅಂಥ ಮಾತು ಹುಡುಕುವುದರಲ್ಲಿ ಅವಳು ಎಂದೂ ತಪ್ಪಿದವಳಲ್ಲ.

'ನನಗ ಕೇಳಲಿಲ್ಲೋ' ಎಂದಳು. 'ಟೇಪ ಜೋರಿತ್ತಲ್ಲ. ನೀ ನಗಚಾಟಿಗಿ ಕೇಳಿದಿ, ನಾನೂ ನಗಚಾಟಿಗಿ ಅಂದೆ.'

ಒಂದೊಂದು ಶಬ್ದವೂ ಖರೆ.

ಅವನು ತಲೆಯಾಡಿಸಿದ. ಸಿಟ್ಟಿರಲಿಲ್ಲ. ತಿಳಿಯದ ಲೆಕ್ಕವನ್ನು ಯಾರೋ ಬಿಡಿಸಿ ತೋರಿಸಿದಾಗ ಹುಡುಗರು ತಲೆಯಾಡಿಸುವ ರೀತಿ. 'ಹಂಗಾರ ನಾನಽ' ಎಂದ. 'ಹಂಗಾರ ನಾನಽ ಸರಿ ಹಾಕಿಲ್ಲ ಬಿಡ್ರಿ. ಜಗ್ಗಿ ನೋಡ ಅಂತ ನೀವು ಓದಿ ಹೇಳಿದ್ರಿ. ನಾನಽ ನಕ್ಕೆ.' ತಾಯಿಯ ಹತ್ತಿರ ಹೋಗಿ ಕೆಳಗೆ ಕುಳಿತ. ಹಣಮವ್ವ ಮೊರವನ್ನು ಬದಿಗಿಟ್ಟು ಅವನ ತಲೆಯ ಮೇಲೆ ಕೈಯಿಟ್ಟಳು, ಸೆರಗಿನಿಂದ ಅವನ ಹಣೆಯನ್ನು ನಿಧಾನಕ್ಕೆ, ಭಂಡಾರದ ಗುರುತು ಉಳಿಯದ ಹಾಗೆ ಒರೆಸಿದಳು. ಒರೆಸುತ್ತ ಸೊಸೆಯ ಕಡೆ ನೋಡಲಿಲ್ಲ.

ರಂಜನಾ ಮಗಳ ಕಾಲನ್ನು ಕೆರದಿಂದ ಬಿಡಿಸಿ ಎತ್ತಿಕೊಂಡಳು. ಕಾಕಾ ಒಂದು ದಿನ ಕೋಲೂರಿಕೊಂಡು ಇದೇ ಕಟ್ಟೆಗೆ ಬರುತ್ತಾನೆ. ಬಂದು, ಆ ಪುಸ್ತಕ ಇನ್ನೊಮ್ಮೆ ಓದಬೇ, ಕಲ್ಲಿನ ಪುಟ ಓದು ಎನ್ನುತ್ತಾನೆ. ಓದುತ್ತಾಳೆ. ಬಾಯಿ ಚೊಕ್ಕ ಇರಬೇಕು ಎಂಬ ಸಾಲು ಬಂದಾಗಲೂ ದನಿ ಬದಲಾಗದ ಹಾಗೆ ಓದುತ್ತಾಳೆ. ಹೇಳುವುದಿಲ್ಲ. ಕಾಕಾನಿಗೆ ಹೇಳುವುದಿಲ್ಲ, ಗಂಡನಿಗೆ ಹೇಳುವುದಿಲ್ಲ, ರಬಕವಿಯ ಬಸ್ಸು ಹತ್ತುವ ಮಾಳಿಂಗರಾಯನಿಗೆ ಬುತ್ತಿ ಕಟ್ಟಿಕೊಡುವಾಗಲೂ ಹೇಳುವುದಿಲ್ಲ, ನಾಳೆ ದೊಡ್ಡವಳಾಗಿ ಎಲ್ಲವನ್ನೂ ಕೇಳುವ ಈ ಮಗಳಿಗೂ ಇಲ್ಲ. ಯಾರಿಗೂ ಇಲ್ಲ.